ಗಣಕಯಂತ್ರದ ಸ್ಮೃತಿ: ಬರಿದಾದುದೆಷ್ಟು, ದೊರೆಯುವುದೆಷ್ಟು?

ಗಣಕಯಂತ್ರವು ನಿಧಾನವಾಯಿತೆಂದರೆ ಅದರ ಸ್ಮೃತಿಯು, ಅಂದರೆ ಮೆಮೊರಿಯು, ಸಾಲದಾಯಿತೆಂದು ಭಾವಿಸುವುದು ವಾಡಿಕೆಯಾಗಿದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಬರಿದಾಗಿರುವ ಸ್ಮೃತಿಯೆಷ್ಟೆಂದು ವಿಚಾರಿಸಿದರೆ ಅನೇಕ ವೇಳೆ ಬಹು ಸಣ್ಣ ಸಂಖ್ಯೆಯೊಂದು ತೆರೆಯ ಮೇಲೆ ಮೂಡುತ್ತದೆ. ಅದನ್ನು ಕಂಡು ಗಾಬರಿಗೊಂಡು ಹೊಸ ಮೆಮೊರಿಯನ್ನು ಕೊಂಡು ತರುವವರುಂಟು. ಇನ್ನೂ ಚೆನ್ನಾಗಿ ದುಡಿಯಬಲ್ಲ ಯಂತ್ರವನ್ನು ಮೂಲೆಗೆ ಸೇರಿಸುವವರೂ ಉಂಟು. ಕೈಯಲ್ಲಿ ಹಣ ಮಿತವಾಗಿರುವ ಶಾಲೆ ಕಾಲೇಜುಗಳಿಗೆ ಇದು ಸಣ್ಣ ನಷ್ಟವಲ್ಲ. ಆದುದರಿಂದ ಆ ಸಂಖ್ಯೆಯ ನಿಜವಾದ ಅರ್ಥವನ್ನು ತಿಳಿಯುವುದು ಅಗತ್ಯ.

ಯೂನಿಕ್ಸ್ ವ್ಯವಸ್ಥೆಯು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್, ಡೆನಿಸ್ ರಿಚಿ ಮೊದಲಾದವರ ಕೈಯಲ್ಲಿ ಹುಟ್ಟಿತು. ಅದೇ ಮಾದರಿಯ ಲಿನಕ್ಸನ್ನು ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಪ್ರಕಟಿಸಿದರು. ಇದರಲ್ಲಿ ಸ್ಮೃತಿಯ ಲೆಕ್ಕವನ್ನು ನೋಡುವುದು ಬಹು ಸುಲಭ. ಆಜ್ಞೆ ಬರೆಯುವ ಕಿಟಕಿಯಲ್ಲಿ ಎಫ್, ಆರ್, ಇ, ಇ ಎಂಬ ನಾಲ್ಕು ಅಕ್ಷರಗಳನ್ನು ಒತ್ತಿ, ಒಂದು ಎಡೆ ಬಿಟ್ಟು, ಅಡ್ಡಗೆರೆಯನ್ನೂ ಎಂ ಅಕ್ಷರವನ್ನೂ ಸೇರಿಸಿದರೆ ಲೆಕ್ಕವು ಮೆಗಾಬೈಟುಗಳಲ್ಲಿ ದೊರೆಯುತ್ತದೆ. ಎಂಟು ಗಿಗಾಬೈಟಿನ ಯಂತ್ರವೊಂದರಲ್ಲಿ ಒಟ್ಟು 7,800, ಬರಿದು 300, ಸಂಗ್ರಹ 5,400, ಲಭ್ಯ 5,200 ಎಂದು ಕಂಡಿತೆಂದು ಇಟ್ಟುಕೊಳ್ಳೋಣ. ಇಂಗ್ಲಿಷಿನಲ್ಲಿ ಇವು ಕ್ರಮವಾಗಿ ಟೋಟಲ್, ಫ್ರೀ, ಬಫ್-ಕ್ಯಾಶ್, ಅವೈಲಬಲ್ ಎಂಬ ಅಂಕಣಗಳು. ಯೂಸ್ಡ್ ಎಂಬ ಅಂಕಣವೂ ಒಂದುಂಟು. ಅದನ್ನು ಲೆಕ್ಕಹಾಕುವ ಕ್ರಮವು ಆವೃತ್ತಿಗಳ ನಡುವೆ ಬದಲಾಗಿರುವುದರಿಂದ ಅದನ್ನು ನೆಚ್ಚದಿರುವುದೇ ಲೇಸು.

ಎಂಟು ಗಿಗಾಬೈಟು ಎಂದರೆ 8,192 ಮೆಗಾಬೈಟು. ಹಾಗಾದರೆ ಉಳಿದುದೆಲ್ಲಿ ಹೋಯಿತು? ಯಂತ್ರಾಂಶವು ತನಗೆಂದು ಕಾದಿರಿಸಿಕೊಂಡ ಭಾಗವನ್ನೂ, ವ್ಯವಸ್ಥೆಯ ತಿರುಳಾದ ಕರ್ನೆಲ್ ಮೊದಲಿಗೇ ಹಿಡಿದುಕೊಂಡ ಭಾಗವನ್ನೂ ಕಳೆದ ಮೇಲೆ ಉಳಿದುದನ್ನೇ ಒಟ್ಟು ಎಂದು ತೋರಿಸಲಾಗುತ್ತದೆ. ಇದರಲ್ಲಿ ಮೋಸವೇನೂ ಇಲ್ಲ.

ಗುಮಾಸ್ತನ ಮೇಜು

ಬರಿದಾದುದು ಕೇವಲ 300 ಏಕೆ? ಸ್ಮೃತಿಯಿಂದ ಒಂದು ಅಂಶವನ್ನು ತರಲು ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು ಕಾಲ ಸಾಕು. ತಿರುಗುವ ಡಿಸ್ಕಿನಿಂದ ತರಲು ಸುಮಾರು ನೂರರಲ್ಲೊಂದು ಭಾಗ ಬೇಕು. ಎರಡಕ್ಕೂ ಒಂದು ಲಕ್ಷ ಪಟ್ಟು ಅಂತರ! ಮೊದಲನೆಯದು ಒಂದು ಸೆಕೆಂಡಿನ ಕೆಲಸವಾಗಿದ್ದರೆ ಎರಡನೆಯದಕ್ಕೆ ಸುಮಾರು 28 ಗಂಟೆ ಹಿಡಿಯುತ್ತಿತ್ತು.

ಕಚೇರಿಯೊಂದರ ಹಿಂಭಾಗದಲ್ಲಿ ದಫ್ತರಗಳ ಕೋಣೆಯಿದೆ. ಗುಮಾಸ್ತನು ಕಾಗದ ಬೇಕಾದಾಗಲೆಲ್ಲ ಒಳಗೆ ಹೋಗಿ ನಕಲು ಮಾಡಿಕೊಂಡು ಬರುತ್ತಾನೆ. ಕೆಲಸ ಮುಗಿದ ಮೇಲೂ ನಕಲನ್ನು ಹರಿದು ಹಾಕದೆ, ಮತ್ತೆ ಬೇಕಾದೀತೆಂದು ಮೇಜಿನ ಖಾಲಿ ಭಾಗದಲ್ಲಿ ಇಡುತ್ತಾನೆ. ಸಂಜೆಯ ಹೊತ್ತಿಗೆ ಮೇಜು ತುಂಬಿರುತ್ತದೆ. ಆದರೆ ಹೊಸ ಕೆಲಸಕ್ಕೆ ಜಾಗ ಬೇಕಾದರೆ ನಕಲುಗಳನ್ನು ಕ್ಷಣದಲ್ಲಿ ತೆಗೆದೆಸೆಯಬಹುದು. ಮೂಲವು ಒಳಗೆ ಭದ್ರವಾಗಿದೆ. ಕರ್ನೆಲ್ ಮಾಡುವುದೂ ಇದನ್ನೇ. ಡಿಸ್ಕಿನಿಂದ ಓದಿದ ಕಡತಗಳ ನಕಲನ್ನು ಅದು ಸಾಮಾನ್ಯವಾಗಿ 4,096 ಬೈಟುಗಳ ಪುಟಗಳಾಗಿ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತದೆ. ಸಂಗ್ರಹವೆಂಬ ಅಂಕಣದ ಬಹುಭಾಗ ಇಂತಹ ನಕಲುಗಳೇ.

ಎಲ್ಲ ನಕಲುಗಳನ್ನೂ ಒಡನೆಯೇ ಎಸೆಯಲಾಗದು. ತಿದ್ದಿದ ನಕಲಿದ್ದರೆ ಮೊದಲು ಅದನ್ನು ಒಳಗೊಯ್ದು ಮೂಲವನ್ನು ಸರಿಪಡಿಸಬೇಕು. ಸ್ಮೃತಿಯಲ್ಲಿಯೇ ಹುಟ್ಟಿದ, ಡಿಸ್ಕಿನಲ್ಲಿ ಮೂಲವೇ ಇಲ್ಲದ ಕಡತಗಳೂ ಈ ಅಂಕಣದಲ್ಲಿ ಸೇರಿರುತ್ತವೆ. ಆದ ಕಾರಣ ಬರಿದನ್ನೂ ಸಂಗ್ರಹವನ್ನೂ ಕೂಡಿಸಿದರೆ ಸರಿಯಾದ ಉತ್ತರ ಬರುವುದಿಲ್ಲ. ಇದಕ್ಕಾಗಿಯೇ 2014ರಲ್ಲಿ ಬಂದ 3.14ನೆಯ ಕರ್ನೆಲ್, ಹೊಸ ಕೆಲಸಕ್ಕೆ ನಿಜವಾಗಿ ಎಷ್ಟು ದೊರೆತೀತೆಂಬುದನ್ನು ತಾನೇ ಅಂದಾಜು ಮಾಡಿ ತಿಳಿಸತೊಡಗಿತು. ಲಭ್ಯವೆಂಬ ಅಂಕಣವು ಅದೇ. ನಮ್ಮ ನಿದರ್ಶನದಲ್ಲಿ ನೋಡಬೇಕಾದ ಸಂಖ್ಯೆ 300 ಅಲ್ಲ, 5,200.

ಒಂದು ಸರಳ ಪ್ರಯೋಗ

ಇದನ್ನು ವಾಚಕರೇ ಪರೀಕ್ಷಿಸಿ ನೋಡಬಹುದು. ಯಂತ್ರವನ್ನು ಹೊಸದಾಗಿ ಚಾಲೂ ಮಾಡಿ ಲೆಕ್ಕವನ್ನು ಬರೆದುಕೊಳ್ಳಿ. ಬಳಿಕ ಒಂದು ಗಿಗಾಬೈಟಿನ ಕಡತವನ್ನು ಆದಿಯಿಂದ ಅಂತ್ಯದವರೆಗೆ ಯಂತ್ರವು ಓದುವಂತೆ ಮಾಡಿ ಮತ್ತೆ ನೋಡಿ. ಬರಿದು ಎಂಬುದು ಸುಮಾರು ಸಾವಿರದಷ್ಟು ಇಳಿದು ಸಂಗ್ರಹವು ಅಷ್ಟೇ ಏರಿರುತ್ತದೆ. ಲಭ್ಯವು ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತದೆ. ಅದೇ ಕಡತವನ್ನು ಎರಡನೆಯ ಸಲ ಓದಿಸಿದರೆ ಕೆಲಸ ಬೇಗನೆ ಮುಗಿಯುವುದನ್ನೂ ಕಾಣುವಿರಿ. ಸಂಗ್ರಹವನ್ನು ಆಗಾಗ್ಗೆ ಬರಿದು ಮಾಡುತ್ತಿರಬೇಕೆಂಬ ಸಲಹೆಯು ಎಷ್ಟು ನಿರರ್ಥಕವೆಂಬುದು ಇದರಿಂದಲೇ ತಿಳಿಯುತ್ತದೆ.

ಹಾಗಾದರೆ ಸ್ಮೃತಿಯ ಕೊರತೆ ಎಂದೂ ಉಂಟಾಗುವುದಿಲ್ಲವೆ? ಉಂಟಾಗುತ್ತದೆ. ಲಭ್ಯವು ಒಟ್ಟಿನ ಅಲ್ಪಾಂಶಕ್ಕೆ ಇಳಿದು ಅಲ್ಲಿಯೇ ನಿಂತರೆ ಅದು ಮೊದಲ ಲಕ್ಷಣ. ಆಗ ಕರ್ನೆಲ್ ಸ್ಮೃತಿಯ ಪುಟಗಳನ್ನು ಡಿಸ್ಕಿನ ಸ್ವಾಪ್ ಎಂಬ ಭಾಗಕ್ಕೆ ಸಾಗಿಸತೊಡಗುತ್ತದೆ. ಸ್ವಾಪಿನಲ್ಲಿ ಒಂದಿಷ್ಟು ಪುಟಗಳು ಸುಮ್ಮನೆ ಮಲಗಿದ್ದರೆ ಬಾಧಕವಿಲ್ಲ. ಪುಟಗಳು ಎಡೆಬಿಡದೆ ಹೋಗಿ ಬರುತ್ತಿದ್ದರೆ ಯಂತ್ರವು ತೆವಳತೊಡಗುತ್ತದೆ. ವಿಎಂಸ್ಟ್ಯಾಟ್ ಎಂಬ ಆಜ್ಞೆಯು ಈ ಓಡಾಟವನ್ನು ಎಸ್‌ಐ, ಎಸ್‌ಓ ಎಂಬ ಅಂಕಣಗಳಲ್ಲಿ ತೋರಿಸುತ್ತದೆ. ಅಲ್ಲಿಯೂ ಎಡೆ ಸಾಲದಾದರೆ ಕರ್ನೆಲ್ ಯಾವುದಾದರೊಂದು ಕಾರ್ಯಕ್ರಮವನ್ನು ಬಲವಂತವಾಗಿ ನಿಲ್ಲಿಸಿಬಿಡುತ್ತದೆ. ಉಳಿಸದೆ ಬಿಟ್ಟ ಕೆಲಸವೆಲ್ಲ ಆಗ ನಷ್ಟವಾಗುತ್ತದೆ.

ಆದುದರಿಂದ ಹಣ ವೆಚ್ಚಮಾಡುವ ಮುನ್ನ ಒಂದು ವಾರ, ಕೆಲಸ ಹೆಚ್ಚಾಗಿರುವ ಹೊತ್ತಿನಲ್ಲಿ, ಲಭ್ಯವನ್ನೂ ಸ್ವಾಪಿನ ಓಡಾಟವನ್ನೂ ಬರೆದಿಡಿ. ಲಭ್ಯವು ಸಾಕಷ್ಟಿದ್ದು ಓಡಾಟವು ಸೊನ್ನೆಯಾಗಿದ್ದರೆ ಯಂತ್ರದ ನಿಧಾನಕ್ಕೆ ಕಾರಣವನ್ನು ಬೇರೆ ಕಡೆ ಹುಡುಕಬೇಕು; ಹೊಸ ಮೆಮೊರಿಯಿಂದ ಅದು ಗುಣವಾಗದು.