ಇಪ್ಪತ್ತೊಂಬತ್ತು ಅಂಕಗಳ ಮನುಷ್ಯಸಂಖ್ಯೆ

ಮನುಷ್ಯಭವ ದುರ್ಲಭವೆಂಬುದು ಜಿನವಾಣಿ. ಹಾಗಾದರೆ ಆ ಭವವನ್ನು ಪಡೆದ ಜೀವರು ಎಷ್ಟು? ಅಗಣಿತವೆಂದು ಹೇಳಿ ಸುಮ್ಮನಾಗದೆ ಜೈನಾಚಾರ್ಯರು ಒಂದು ಸಂಖ್ಯೆಯನ್ನೇ ಮುಂದಿಟ್ಟರು. ಪರ್ಯಾಪ್ತ ಮನುಷ್ಯರು, ಅಂದರೆ ಶರೀರ, ಇಂದ್ರಿಯಾದಿ ಪರ್ಯಾಪ್ತಿಗಳು ಪೂರ್ಣಗೊಂಡವರು, 79228162514264337593543950336.

ಈ ಸಂಖ್ಯೆಯ ಹುಟ್ಟು ಸರಳ. ಎರಡನ್ನು ವರ್ಗಗೊಳಿಸಿದರೆ 4; ಅದರ ವರ್ಗ 16; ಮುಂದೆ 256; ನಾಲ್ಕನೆಯದು 65536. ಐದನೆಯ ವರ್ಗವಾದ 4294967296ಕ್ಕೆ ಪ್ರಾಕೃತದಲ್ಲಿ 'ಬಾದಾಲ' ಎಂದು ಹೆಸರು. ಮೊದಲೆರಡು ಅಂಕಗಳಾದ 42ರಿಂದ ಬಂದದ್ದು. ಆರನೆಯದು 18446744073709551616. ಚದುರಂಗದ ಮನೆಗಳಲ್ಲಿ ಕಾಳುಗಳನ್ನು ಇಮ್ಮಡಿಸುತ್ತ ಹೋದ ಕಥೆಯ ಒಟ್ಟು ಮೊತ್ತಕ್ಕಿಂತ ಇದು ಒಂದೇ ಒಂದು ಹೆಚ್ಚು. ಐದನೆಯ ಮತ್ತು ಆರನೆಯ ವರ್ಗಗಳ ಗುಣಲಬ್ಧವೇ ಮನುಷ್ಯಸಂಖ್ಯೆ. ಅದನ್ನು 96 ಬಾರಿ ಅರ್ಧಿಸಿದರೆ ಒಂದು ಉಳಿಯುತ್ತದೆ. ಆದುದರಿಂದ ಅದರ 'ಅರ್ಧಚ್ಛೇದ' 96. ಅದು ಪೂರ್ಣವರ್ಗವೂ ಹೌದು, ಬಾದಾಲದ ಘನವೂ ಹೌದು.

ಇಷ್ಟು ದೊಡ್ಡದಾದರೂ ಇದು 'ಸಂಖ್ಯಾತ' ಮಾತ್ರ. ಸಂಖ್ಯಾತದ ಮೂರು ಭೇದಗಳಲ್ಲಿ ಜಘನ್ಯವೆಂದರೆ 2. ಈ ಸಂಖ್ಯೆ ಮಧ್ಯಮದಲ್ಲಿ ನಿಲ್ಲುತ್ತದೆ. ಉತ್ಕೃಷ್ಟ ಸಂಖ್ಯಾತ ಇನ್ನೂ ಬಹುದೂರ. ಅದರಾಚೆ ಅಸಂಖ್ಯಾತದ ಒಂಬತ್ತು, ಅನಂತದ ಒಂಬತ್ತು ಭೇದಗಳಿವೆ.

ರಾಷ್ಟ್ರಕೂಟರ ಕಾಲದ ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ ಬರೆದ 'ಧವಲಾ' ಟೀಕೆಯಲ್ಲಿ ಈ ಸಂಖ್ಯೆಯನ್ನು ಒರೆಗೆ ಹಚ್ಚಿದರು. ಮೂಲಸೂತ್ರದ ಪ್ರಕಾರ ಮನುಷ್ಯರ ಪ್ರಮಾಣ ಮೂರು ಕೋಟಿಗಳ ಗುಣಲಬ್ಧಕ್ಕಿಂತ ಹೆಚ್ಚು, ನಾಲ್ಕು ಕೋಟಿಗಳ ಗುಣಲಬ್ಧಕ್ಕಿಂತ ಕಡಿಮೆ ಇರಬೇಕು. ನಾಲ್ಕು ಕೋಟಿಗಳನ್ನು ಪರಸ್ಪರ ಗುಣಿಸಿದರೆ ಒಂದರ ಮುಂದೆ 28 ಸೊನ್ನೆಗಳು. ಅದೂ 29 ಸ್ಥಾನಗಳ ಸಂಖ್ಯೆಯೇ! ಸ್ಥಾನಗಳನ್ನಷ್ಟೇ ಎಣಿಸುವವನಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಅಲ್ಲಿ ಮೊದಲ ಅಂಕ 1, ಇಲ್ಲಿ 7. ಹೇಳಿದ ಸಂಖ್ಯೆ ಸೂತ್ರದ ಮೇರೆಗಿಂತ ಸುಮಾರು ಎಂಟು ಪಟ್ಟು ದೊಡ್ಡದು. ವೀರಸೇನರು ಅಷ್ಟಕ್ಕೇ ನಿಲ್ಲಲಿಲ್ಲ. ನಲವತ್ತೈದು ಲಕ್ಷ ಯೋಜನ ವಿಸ್ತಾರದ ಮನುಷ್ಯಲೋಕದ ಕ್ಷೇತ್ರಫಲವನ್ನು ಲೆಕ್ಕಹಾಕಿ, ಇಷ್ಟು ಮಂದಿ ಅಲ್ಲಿ ಹಿಡಿಸಲಾರರೆಂದು ತೋರಿಸಿದರು. ಪೂರ್ವಾಚಾರ್ಯರ ಮೇಲಿನ ಗೌರವ ಅವರ ಗಣಿತದ ಕೈಯನ್ನು ಹಿಡಿಯಲಿಲ್ಲ.

ಆದರೂ ಆ ಸಂಖ್ಯೆ ಅಳಿಯಲಿಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ರಚಿಸಿದ 'ಗೊಮ್ಮಟಸಾರ'ದಲ್ಲಿ ಅದು ಒಂದು ಗಾಹೆಯೊಳಗೆ ಅಡಗಿ ಕುಳಿತಿದೆ. ಕಟಪಯಾದಿ ಕ್ರಮದಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕ. ಮೊದಲ ಅಕ್ಷರ 'ತ' ಬಿಡಿಸ್ಥಾನದ 6. ಇಪ್ಪತ್ತೊಂಬತ್ತನೆಯ 'ಸ' ಎಡತುದಿಯ 7. ಅಂಕಗಳ ಸಾಲಿನಲ್ಲಿ ಒಂದು ಬಿಟ್ಟುಹೋದರೆ ಲಿಪಿಕಾರನಿಗೆ ತಿಳಿಯದು. ಗಾಹೆಯಲ್ಲಿ ಅಕ್ಷರವೊಂದು ಬಿಟ್ಟರೆ ಛಂದಸ್ಸೇ ಮುಗ್ಗರಿಸುತ್ತದೆ. ವೀರಸೇನರು ಒಪ್ಪದ ಸಂಖ್ಯೆಯನ್ನು ಅವರ ತರುವಾಯದ ಸಿದ್ಧಾಂತ ಚಕ್ರವರ್ತಿಗಳು ಹೀಗೆ ಕಾಪಿಟ್ಟರು. ಒಪ್ಪದೆ ಬರೆದ ಧವಲೆಯ ಓಲೆಗಳನ್ನು ಮೂಡುಬಿದಿರೆಯ ಬಸದಿ ಕಾಪಿಟ್ಟಿತು.