ಅಂಗೈಯೊಳಗಣ ೞಕಾರ

ಹವ್ಯಾಸಗಳಿಗೆ ಕಾರಣ ಕೇಳಬಾರದು. ಒಬ್ಬರು ಅಂಚೆಚೀಟಿ ಕೂಡಿಡುತ್ತಾರೆ, ಇನ್ನೊಬ್ಬರು ಗುಲಾಬಿಗೆ ಕಸಿ ಕಟ್ಟುತ್ತಾರೆ. ತರಗತಿಯಲ್ಲಿ ಹಳಗನ್ನಡ ಕಾವ್ಯವನ್ನು ಪಾಠ ಹೇಳುವ ನನಗೆ ಅಂಟಿಕೊಂಡಿರುವುದು ಬೇರೊಂದು ಚಟ. ಇತರರು ಮೂಲೆಗೆಸೆದ ಗಣಕಯಂತ್ರ, ಟ್ಯಾಬ್ಲೆಟ್, ಮೊಬೈಲುಗಳನ್ನು ತಂದು, ಅವುಗಳಲ್ಲಿ ಲಿನಕ್ಸನ್ನೂ ಅದರ ಬಳಗದ ತಂತ್ರಾಂಶಗಳನ್ನೂ ಹೂಡಿ ನೋಡುವುದು. ಪಾಂಡವಪುರ ತಾಲ್ಲೂಕಿನ ನಮ್ಮ ಕ್ಯಾತನಹಳ್ಳಿಯಲ್ಲಿ ಕಬ್ಬು ಭತ್ತಗಳ ಮಾತೇ ಮಾತು. ನೆರೆಮನೆಯ ಗೌಡರು ಒಮ್ಮೆ ನನ್ನ ಮೇಜನ್ನು ದಿಟ್ಟಿಸಿ, “ಇದೇನ್ ಮೇಷ್ಟ್ರೇ, ಗುಜರಿ ಅಂಗ್ಡಿ ಮಡಗೋ ಯೋಚ್ನೆಯಾ?” ಎಂದು ಕೇಳಿದ್ದುಂಟು.

ಗುಜರಿಯೇ ಸರಿ. ಆದರೆ ಅದರಲ್ಲಿ ನಾನು ಹುಡುಕುತ್ತಿದ್ದುದು ಒಂದು ಅಕ್ಷರವನ್ನು.

ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ. ‘ಬಾೞ್’ ಎಂದರೆ ಜೀವಿಸು. ‘ಅರಿ’ ಎಂದರೆ ಕತ್ತರಿಸು. ‘ಅಱಿ’ ಎಂದರೆ ತಿಳಿ. ಕೇಶಿರಾಜನು ರೞ, ಕುಳ, ಕ್ಷಳಗಳನ್ನು ಅಷ್ಟು ಜತನದಿಂದ ವಿಂಗಡಿಸಿದ್ದು ಬರಿಯ ಪಾಂಡಿತ್ಯಪ್ರದರ್ಶನಕ್ಕಲ್ಲ. ಈಗ ವಿದ್ಯಾರ್ಥಿಗಳು ಕಾವ್ಯಭಾಗವನ್ನು ಮೊಬೈಲಿನಲ್ಲಿಯೇ ಓದುವುದು ವಾಡಿಕೆಯಾಗಿದೆ. ಕೆಲವು ಹಳೆಯ ಉಪಕರಣಗಳಲ್ಲಿ ೞಕಾರವಿರಬೇಕಾದ ಎಡೆಯಲ್ಲಿ ಖಾಲಿ ಚೌಕವೊಂದು ಬಾಯಿಬಿಟ್ಟುಕೊಂಡಿರುತ್ತದೆ. ಅದನ್ನು ಕಂಡು ಬೇಸತ್ತ ಪುಣ್ಯಾತ್ಮರು ಬೆರಳಚ್ಚು ಮಾಡುವಾಗ ಎಲ್ಲೆಡೆಯೂ ಳಕಾರವನ್ನೇ ತುಂಬಿಬಿಡುತ್ತಾರೆ. ಬಾಳಬೇಕಾದವನ ಕೈಗೆ ಹೀಗೆ ಕತ್ತಿ ಬರುತ್ತದೆ! ಚೌಕವಾದರೂ ಲೇಸು, ಇಲ್ಲೇನೋ ಲೋಪವಾಗಿದೆಯೆಂದು ಅದು ಸಾರಿ ಹೇಳುತ್ತದೆ. ಳಕಾರವಾದರೋ ಸದ್ದಿಲ್ಲದೆ ವಂಚಿಸುತ್ತದೆ.

ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಗೊತ್ತುಮಾಡುವ ಯೂನಿಕೋಡ್ 1991ರಲ್ಲಿ ಮೊದಲು ಹೊರಬಂದಾಗಲೇ ಅದರಲ್ಲಿ ಕನ್ನಡಕ್ಕೆ ಸ್ಥಾನವಿತ್ತು. ೞಕಾರವೂ ಆ ಪಟ್ಟಿಯಲ್ಲಿದೆ. ಆದರೆ ಅದರ ನಾಮಕರಣದ ಸೊಗಸನ್ನು ಕೇಳಬೇಕು: ಅಲ್ಲಿ ಅದರ ಹೆಸರು ‘ಕನ್ನಡ ಅಕ್ಷರ ಫ಼’! ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಾಯಿಸಕೂಡದೆಂಬುದು ಯೂನಿಕೋಡಿನ ನಿಯಮವಾದುದರಿಂದ, ತಪ್ಪು ಹೆಸರನ್ನು ಹಾಗೆಯೇ ಉಳಿಸಿ ಪಕ್ಕದಲ್ಲಿ ಸರಿಯಾದುದನ್ನು ಉಪನಾಮವಾಗಿ ಸೇರಿಸಿದ್ದಾರೆ. ಪಟ್ಟಿ ಮಾಡುವಾಗ ಹಳಗನ್ನಡ ಬಲ್ಲವರೊಬ್ಬರು ಬಳಿಯಲ್ಲಿದ್ದಿದ್ದರೆ ಎಂದು ನನಗೆ ಅನಿಸದಿರುವುದಿಲ್ಲ.

ಅದೇ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ್ದು ಲಿನಕ್ಸ್. ಅದರ ಮೂಲಬರಹ ಎಲ್ಲರಿಗೂ ತೆರೆದದ್ದು. ಗ್ರಂಥಸಂಪಾದಕನಿಗೆ ಓಲೆಗರಿಯೇ ಕೈಗೆ ಸಿಕ್ಕ ಹಾಗೆ. ಪಾಠ ಕೆಟ್ಟಿರುವ ಎಡೆಯನ್ನು ಹುಡುಕಿ ತಿದ್ದಬಹುದು, ತಿದ್ದಿದ ಪ್ರತಿಯನ್ನು ಹಂಚಬಹುದು. ನನ್ನ ಹಳೆಯ ಗಣಕಯಂತ್ರದಲ್ಲಿ ೞಕಾರವುಳ್ಳ ಫಾಂಟೊಂದನ್ನು ಅದರ ಕಡತಕೋಶಕ್ಕೆ ಸೇರಿಸಿದ್ದೇ ತಡ, ಚೌಕಗಳೆಲ್ಲ ಅಕ್ಷರಗಳಾದವು. ಟ್ಯಾಬ್ಲೆಟ್ ಮಾತ್ರ ಮಣಿಯಲಿಲ್ಲ. ಆಂಡ್ರಾಯ್ಡಿನ ಒಡಲಲ್ಲಿರುವುದೂ ಲಿನಕ್ಸೇ. ಆದರೆ ಅದಕ್ಕೆ ಕನ್ನಡವನ್ನು ತೋರಿಸುವ ಶಕ್ತಿ ಬಂದದ್ದು 2012ರ 4.1ನೆಯ ಆವೃತ್ತಿಯಲ್ಲಿ. ನನ್ನದು ಅದಕ್ಕಿಂತ ಹಿಂದಿನದು. ಫಾಂಟುಗಳಿರುವ ಕೋಶ ಕಣ್ಣಿಗೆ ಕಾಣುತ್ತದೆ, ಕೈ ಹಾಕಲು ಅಪ್ಪಣೆಯಿಲ್ಲ. ಮೂರು ಸಂಜೆ ಹೆಣಗಿ ಅದನ್ನು ಪಕ್ಕಕ್ಕಿಟ್ಟೆ.

ಬಳಿಕ ಕೈಗೆ ಬಂದದ್ದು ಪುಸ್ತಕ ಓದುವ ಸಣ್ಣ ಉಪಕರಣ. ಅದರಲ್ಲಿ ಕೆಓ ರೀಡರ್ ಎಂಬ ಮುಕ್ತ ತಂತ್ರಾಂಶವನ್ನು ಹೂಡಿದೆ. ಬೇಕಾದ ಫಾಂಟನ್ನು ನಾವೇ ಸೇರಿಸಿಕೊಳ್ಳಲು ಅದು ಎಡೆಮಾಡಿಕೊಡುತ್ತದೆ. ‘ಕರ್ಣ’ನ ಅರ್ಕಾವೊತ್ತನ್ನು ಮೊದಲು ನೋಡಿದೆ. ಉಚ್ಚಾರಣೆಯಲ್ಲಿ ಮುಂದೆ, ಬರಹದಲ್ಲಿ ಹಿಂದೆ ನಿಲ್ಲುವ ಈ ಅರ್ಕಾವೊತ್ತು ಎಷ್ಟೋ ಯಂತ್ರಗಳನ್ನು ದಿಕ್ಕುಗೆಡಿಸಿದೆ. ಇಲ್ಲಿ ಅದು ತನ್ನ ಸ್ಥಾನದಲ್ಲಿ ಗಂಭೀರವಾಗಿ ಕುಳಿತಿತ್ತು. ಮರುಪುಟದಲ್ಲಿ ೞಕಾರ! ಆ ಕ್ಷಣದ ಸಂತೋಷವನ್ನು ಗೌಡರಿಗೆ ವಿವರಿಸುವ ಸಾಹಸಕ್ಕೆ ನಾನು ಹೋಗಲಿಲ್ಲ.

ಅಂಗೈಯ ಯಂತ್ರಕ್ಕೆ ನಮ್ಮ ನುಡಿಗಳನ್ನು ಕಲಿಸುವ ಯತ್ನ ಬೆಂಗಳೂರಿನಲ್ಲಿಯೇ ಹಿಂದೆ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಕಂಪನಿಯವರೊಡಗೂಡಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಬೆಳಕಿಗೆ ಬಂದಿತು. ಅದರಲ್ಲಿದ್ದುದು ಲಿನಕ್ಸ್. ಓದುಬರಹ ಬಾರದ ಹಳ್ಳಿಗರಿಗೂ ಉಪಯೋಗವಾಗಲೆಂದು ಅದು ಬರಹವನ್ನು ಓದಿ ಹೇಳಬೇಕೆಂಬುದು ಅವರ ಆಶಯ. 2004ರಲ್ಲಿ ಮಾರುಕಟ್ಟೆಗೆ ಬಂದರೂ ಅದು ನೆಲೆಯೂರಲಿಲ್ಲ.

ಯಂತ್ರ ಮರೆಯಾಯಿತು, ದನಿ ಉಳಿಯಿತು. ರಮೇಶ್ ಹರಿಹರನ್ ಅವರು ಆರಂಭಿಸಿದ ‘ಧ್ವನಿ’ ಎಂಬ ಓದುವ ತಂತ್ರಾಂಶ ಮುಕ್ತವಾಗಿದ್ದುದರಿಂದ, ಅದನ್ನು ಸಂತೋಷ್ ತೊಟ್ಟಿಂಗಲ್ ಮುಂದುವರಿಸಿದರು. ನನ್ನ ಹಳೆಯ ಗಣಕಯಂತ್ರದಲ್ಲಿ ಅದು ಕನ್ನಡವನ್ನು ಓದಿತು. ನೆಗಡಿಯಾದ ಹರಿಕಥೆ ದಾಸರ ಹಾಗೆ ಕೇಳಿಸಿತೆಂಬುದು ನಿಜ. ಆದರೂ ಒಳಮನೆಯಲ್ಲಿದ್ದ, ಕಣ್ಣು ಮಂಜಾದ ನನ್ನ ತಾಯಿ, “ಯಾರೋ ಬಂದವ್ರೆ, ಕೂರ್‍ಸಪ್ಪ” ಎಂದರು.

ಸ್ವರವಿಲ್ಲದ ನಕಾರಕ್ಕೆ ಹಿಂದಿನವರು ಬಳಸುತ್ತಿದ್ದ ನಕಾರಪೊಲ್ಲು 2021ರಲ್ಲಿ ಯೂನಿಕೋಡನ್ನು ಸೇರಿತು. ನನ್ನ ಮೇಜಿನ ಮೇಲಿರುವ ಯಾವ ಉಪಕರಣದಲ್ಲಿಯೂ ಅದಿನ್ನೂ ಮೂಡಿಲ್ಲ. ಅಲ್ಲೆಲ್ಲ ಚೌಕವೇ. ಈ ಬೇಸಿಗೆಯ ರಜೆಗೆ ಅದೇ ಕೆಲಸ.