ಗಣಕದ ದನಿ ಕಿವಿಗೆ ಮುಟ್ಟುವ ಬಗೆ

ಒಮ್ಮೆ ತರಗತಿಯಲ್ಲಿ ಗಣಕಯಂತ್ರಕ್ಕೆ ಧ್ವನಿವರ್ಧಕವನ್ನು ಜೋಡಿಸಿದೆವು, ಸದ್ದೇ ಹೊರಡಲಿಲ್ಲ. ನೋಡಿದರೆ, ಪ್ಲಗ್ಗನ್ನು ಗುಲಾಬಿ ಬಣ್ಣದ ರಂಧ್ರದಲ್ಲಿ ಸಿಕ್ಕಿಸಿದ್ದೆವು. ಅದು ಮೈಕಿಗೆ ಮೀಸಲಾದುದು. ಧ್ವನಿ ಒಳಹೋಗುವ ದಾರಿ. ಹೊರಬರುವ ದಾರಿಗೆ ಸಾಮಾನ್ಯವಾಗಿ ಹಸಿರು ಬಣ್ಣವಿರುತ್ತದೆ.

ಗಣಕದೊಳಗೆ ಸಂಗೀತವೆಂಬುದು ಬರಿಯ ಅಂಕಿಗಳ ಸಾಲು. ಸಿ.ಡಿ.ಯ ಕ್ರಮದಲ್ಲಿ ಎಡಬಲ ಒಂದೊಂದಕ್ಕೂ ಸೆಕೆಂಡಿಗೆ 44,100 ಅಂಕಿಗಳು. ಪರಿವರ್ತಕವೊಂದು ಇವನ್ನು ಏರಿಳಿಯುವ ವಿದ್ಯುತ್ತನ್ನಾಗಿ ಮಾರ್ಪಡಿಸುತ್ತದೆ. ಅದು ಅಯಸ್ಕಾಂತದ ಬಳಿಯಿರುವ ತಂತಿಯ ಸುರುಳಿಯಲ್ಲಿ ಹರಿದಾಗ, ಸುರುಳಿಯೂ ಅದಕ್ಕೆ ಅಂಟಿದ ಪೊರೆಯೂ ಕಂಪಿಸಿ ಗಾಳಿಯಲ್ಲಿ ಅಲೆಗಳೇಳುತ್ತವೆ. ಹೆಡ್‌ಫೋನಿಗೆ ಕೆಲವು ಮಿಲಿವಾಟ್ ಸಾಕು. ಕೋಣೆ ತುಂಬುವ ಧ್ವನಿವರ್ಧಕಕ್ಕೆ ವಾಟುಗಳೇ ಬೇಕು. ಆದುದರಿಂದಲೇ ಅದಕ್ಕೆ ಆಂಪ್ಲಿಫಯರೂ ಬೇರೆ ವಿದ್ಯುತ್ ಸಂಪರ್ಕವೂ ಅಗತ್ಯ.

3.5 ಮಿ.ಮೀ. ಪ್ಲಗ್ಗಿನ ತುದಿ ಎಡಗಿವಿಗೆ, ಅದರ ಹಿಂದಿನ ಉಂಗುರ ಬಲಗಿವಿಗೆ. ಒಂದೇ ಕಿವಿಗೆ ಕೇಳಿಸಿದರೆ ಪ್ಲಗ್ಗನ್ನು ಪೂರ್ತಿ ಒಳಕ್ಕೆ ಒತ್ತಿ ನೋಡಬೇಕು. ಯು.ಎಸ್.ಬಿ. ಹೆಡ್‌ಫೋನುಗಳಲ್ಲಿ ಪರಿವರ್ತಕವು ಅವುಗಳೊಳಗೇ ಇರುವುದರಿಂದ, ಧ್ವನಿ ಬಾರದಿದ್ದಲ್ಲಿ ಗಣಕದ ಧ್ವನಿ ಸೆಟ್ಟಿಂಗಿನಲ್ಲಿ ಅವನ್ನೇ ಆರಿಸಬೇಕು.

ಇನ್ನೊಂದು ಮಾತುಂಟು. ಹೆಡ್‌ಫೋನನ್ನು ಕಿವಿಗೇರಿಸುವ ಮುನ್ನ ಧ್ವನಿಯನ್ನು ತಗ್ಗಿಸಿ, ಬಳಿಕ ಮೆಲ್ಲನೆ ಏರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಆಲಿಸಬಹುದು. 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ. ಏಕೆಂದರೆ, 3 ಡೆಸಿಬೆಲ್ ಏರಿದರೆ ಧ್ವನಿಯ ಶಕ್ತಿ ಇಮ್ಮಡಿಯಾಗುತ್ತದೆ. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ತಂತಿ ಕೆಟ್ಟರೆ ಬೇರೆ ತರಬಹುದು; ಕಿವಿಯನ್ನು ಮಾತ್ರ ನಾವೇ ಕಾಪಾಡಿಕೊಳ್ಳಬೇಕು.